ಜೆಟ್ ಸ್ಕೀ ಸೂಪರ್‌ಚಾರ್ಜರ್‌ಗೆ ಸರ್ವಿಸ್ ಯಾವಾಗ?

ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಸರ್ವಿಸ್ ಆದ ಕೂಡಲೇ, ಥ್ರಾಟಲ್ ಪೂರ್ತಿ ಒತ್ತಿದಾಗ ಮೀಟರ್ ತೋರಿಸುವ ಗರಿಷ್ಠ ಆರ್‌ಪಿಎಂ ಬರೆದಿಟ್ಟುಕೊಳ್ಳಿ. ಮುಂದೆ ಅದೇ ನೀರಿನಲ್ಲಿ, ಅಷ್ಟೇ ಭಾರಕ್ಕೆ, ಆ ಅಂಕಿ ಇನ್ನೂರು ಮುನ್ನೂರು ಇಳಿದು ಅಲ್ಲೇ ನಿಂತರೆ, ಕೈಪಿಡಿ ಹೇಳಿದ ಗಂಟೆಗಳು ತುಂಬುವವರೆಗೆ ಕಾಯದೆ ಕ್ಲಚ್ ಪರೀಕ್ಷೆ ಮಾಡಿಸಿ. ಸೀ-ಡೂ ಬ್ರ್ಯಾಂಡಿನ ಹಲವು ಜೆಟ್ ಸ್ಕೀಗಳಲ್ಲಿ ಎಂಜಿನ್ನಿನ ಗೇರಿಗೂ ಸೂಪರ್‌ಚಾರ್ಜರಿಗೂ ನಡುವೆ ಜಾರುವ ಕ್ಲಚ್ ಇರುತ್ತದೆ. ಅದು ಸವೆದರೆ ಹಿಡಿತ ತಪ್ಪಿ ಗಾಳಿಯ ಒತ್ತಡ ಕುಗ್ಗುತ್ತದೆ, ಎಂಜಿನ್ ಮೊದಲಿನ ವೇಗಕ್ಕೆ ಏರುವುದಿಲ್ಲ. ಮಲ್ಪೆ ಕಡಲಿನಲ್ಲಿ ಬರೆದ ಅಂಕಿಯನ್ನು ಶರಾವತಿ ಹಿನ್ನೀರಿಗೆ ಹೋಲಿಸಬೇಡಿ. ಲಿಂಗನಮಕ್ಕಿ ಜಲಾಶಯ ತುಂಬಿದಾಗ ಸಮುದ್ರ ಮಟ್ಟದಿಂದ 1819 ಅಡಿ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಶಕ್ತಿ ಸ್ವಲ್ಪ ಕಡಿಮೆಯೇ. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರನ್ನು ಹಿಂದಕ್ಕೆ ತಳ್ಳುವ ಚಕ್ರ) ಕೆಟ್ಟಿದ್ದರೂ ಈ ಲೆಕ್ಕ ತಪ್ಪುತ್ತದೆ: ಹಿನ್ನೀರಿನಲ್ಲಿ ಮುಳುಗಿರುವ ಮರದ ಬೊಡ್ಡೆಯ ಚೂರು ತಗುಲಿ ಅಂಚು ಮುಕ್ಕಾಗಿದ್ದರೆ, ಅಥವಾ ಸುತ್ತಲಿನ ವೇರ್ ರಿಂಗ್ ಎಂಬ ಬಳೆ ಸವೆದಿದ್ದರೆ, ನೀರಿನ ಹಿಡಿತವಿಲ್ಲದೆ ಆರ್‌ಪಿಎಂ ಏರಿ ಸೂಪರ್‌ಚಾರ್ಜರಿನ ದೋಷವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲು ಟಾರ್ಚ್ ಹಿಡಿದು ಪಂಪಿನೊಳಗೆ ಇಣುಕಿ, ಅಂಚಿಗೆ ಬೆರಳಾಡಿಸಿ ನೋಡಿ. ಎಂಜಿನ್ ಬಂದ್ ಆಗಿ ಸುರಕ್ಷತಾ ಕೀ ನಿಮ್ಮ ಜೇಬಿನಲ್ಲಿರಲಿ. ಹಳೆಯ ಸೀ-ಡೂಗಳ ಆ ಕ್ಲಚ್ಚಿನಲ್ಲಿ ಸೆರಾಮಿಕ್ ವಾಷರ್ ಇದ್ದರೆ ಮಾತ್ರ ಈ ಉಪಾಯವನ್ನು ನಂಬಲೇಬೇಡಿ. ಅವು ಮುನ್ಸೂಚನೆಯಿಲ್ಲದೆ ಒಡೆದು, ಚೂರುಗಳು ಎಣ್ಣೆಯ ಜೊತೆ ಎಂಜಿನ್ನಿಗೆ ಇಳಿಯುತ್ತವೆ. ಅಂಥ ಗಾಡಿ ಕೊಂಡಿದ್ದರೆ, ಮೀಟರ್ ಏನೇ ತೋರಿಸಲಿ, ನೀರಿಗಿಳಿಸುವ ಮುನ್ನ ಉಕ್ಕಿನ ವಾಷರ್ ಹಾಕಿಸಿಬಿಡಿ.