ಹೊಳೆಯಿಲ್ಲದ ಬೀದಿಯಲ್ಲಿ ಸೇತುವೆ ಹುಡುಕಿದ್ದು

ಮಾಸ್ಕೋದ ‘ಕುಜ್ನೆತ್ಸ್ಕಿ ಮೋಸ್ತ್’ ಎಂಬ ಬೀದಿಯ ಹೆಸರಿಗೆ ‘ಕಮ್ಮಾರರ ಸೇತುವೆ’ ಎಂದರ್ಥ. ಆ ತುದಿಯಿಂದ ಈ ತುದಿಗೆ ನಡೆದರೂ ಅಲ್ಲಿ ಸೇತುವೆ ಕಾಣುವುದಿಲ್ಲ, ಹೊಳೆಯೂ ಇಲ್ಲ. ಸರ್ವೆ ಕೆಲಸದಲ್ಲಿ ವರ್ಷಗಳನ್ನು ಸವೆಸಿದ ನನಗೆ ಹೆಸರೊಂದು ಹೇಳಿ ನೆಲ ಇನ್ನೊಂದು ಹೇಳಿದರೆ ನಿದ್ದೆ ಹತ್ತುವುದಿಲ್ಲ. ಸಿಕ್ಕ ಮೂರು ದಿನಗಳ ಬಿಡುವನ್ನು ಇದಕ್ಕೇ ಕೊಟ್ಟೆ.

ಮೊದಲ ದಿನ ಮೋಸಹೋದೆ. ಕ್ರೆಮ್ಲಿನ್ ಪಕ್ಕದ ಮಾನೆಜ್ ಚೌಕದಲ್ಲಿ ನೀರು ಹರಿಯುತ್ತದೆ, ನಡುನಡುವೆ ಕಾರಂಜಿಗಳು, ಪ್ರಾಣಿಗಳ ಪ್ರತಿಮೆಗಳು. ಕಮ್ಮಾರರ ಸೇತುವೆ ಒಂದು ಕಾಲಕ್ಕೆ ದಾಟಿಸುತ್ತಿದ್ದ ನೆಗ್ಲಿನ್ನಾಯಾ ನದಿ ಇದೇ ಎಂದುಕೊಂಡು ಒಂದೂವರೆ ಪುಟ ಟಿಪ್ಪಣಿ ಬರೆದೆ. ಆಮೇಲೆ ತಿಳಿಯಿತು, ಅದು 1990ರ ದಶಕದಲ್ಲಿ ಅಲಂಕಾರಕ್ಕೆ ಮಾಡಿದ ಕಾಲುವೆ. ನಿಜವಾದ ನದಿ 1817–19ರಲ್ಲೇ ಸುರಂಗ ಸೇರಿದೆ.

ಆದರೆ ಅಲ್ಲೇ ಹತ್ತಿರ ತ್ರೋಯಿತ್ಸ್ಕಿ ಸೇತುವೆ ಸಿಕ್ಕಿತು. 1516ರ ಕಟ್ಟಡ. ಅದರ ಕೆಳಗೆ ಈಗ ಉದ್ಯಾನವಿದೆ. ನದಿ ಹೋದರೂ ಸೇತುವೆ ನಿಂತಿದೆ. ಕಮ್ಮಾರರ ಸೇತುವೆಗೆ ಆ ಭಾಗ್ಯವಿರಲಿಲ್ಲ.

ಎರಡನೆಯ ದಿನ ಕುಜ್ನೆತ್ಸ್ಕಿ ಮೋಸ್ತ್ ಬೀದಿಯಲ್ಲಿ ಕಟ್ಟಡಗಳ ಬುಡ ನೋಡುತ್ತಾ ನಡೆದೆ. ರಸ್ತೆಯನ್ನು ನಂಬಬಾರದು, ಅದನ್ನು ಹತ್ತಾರು ಸಲ ಕಿತ್ತು ಹಾಸಿರುತ್ತಾರೆ. ಹಳೆಯ ಗೋಡೆಯ ಬುಡದ ಕಲ್ಲುಸಾಲನ್ನು ಮಾತ್ರ ರಸಮಟ್ಟ ಹಿಡಿದೇ ಕೂರಿಸಿರುತ್ತಾರೆ. ಲುಬ್ಯಾಂಕಾ ಚೌಕದ ಕಡೆಯಿಂದ ಇಳಿಯುತ್ತಾ ಬಂದಂತೆ ಆ ಸಾಲು ಪಾದಚಾರಿ ದಾರಿಯಿಂದ ಮೇಲೇಳುತ್ತಿತ್ತು, ಅಂದರೆ ನೆಲ ತಗ್ಗುತ್ತಿತ್ತು. ತಗ್ಗು ಮುಗಿದದ್ದು ನದಿಯ ಹೆಸರನ್ನೇ ಹೊತ್ತ ನೆಗ್ಲಿನ್ನಾಯಾ ಬೀದಿ ಅಡ್ಡ ಬರುವಲ್ಲಿ. ಹೆಸರೂ ನೆಲವೂ ಕೊನೆಗೆ ಒಂದೇ ಮಾತು ಹೇಳಿದವು.

ಉಳಿದದ್ದು ಓದಿನ ಕೆಲಸ. ಇಲ್ಲಿ ಹಿಂದೆ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆಯಿತ್ತು. ಕ್ರೆಮ್ಲಿನ್‌ನಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ತ್ಸಾರ್ ಫಿರಂಗಿಯನ್ನು 1586ರಲ್ಲಿ ಆಂದ್ರೇಯ್ ಚೋಖೋವ್ ಎರಕ ಹೊಯ್ದದ್ದು ಅಲ್ಲಿಯೇ. ಸುತ್ತಮುತ್ತ ನೆಲೆಸಿದ್ದ ಕಮ್ಮಾರರಿಂದ ಸೇತುವೆಗೆ ಆ ಹೆಸರು ಬಂತು. ಕಲ್ಲಿನ ಸೇತುವೆ ಎದ್ದದ್ದು 18ನೆಯ ಶತಮಾನದ ನಡುವಿನಲ್ಲಿ. ಊರಿನ ಕೊಳೆಯೆಲ್ಲ ನದಿಗೆ ಸೇರುತ್ತಿತ್ತು. 1812ರಲ್ಲಿ ನೆಪೋಲಿಯನ್ ಸೇನೆ ಬಂದಾಗ ಹತ್ತಿದ ಬೆಂಕಿಯ ನಂತರ ನಗರವನ್ನು ಮತ್ತೆ ಕಟ್ಟುವಾಗ ನದಿಗೆ ಕಮಾನಿನ ಮುಚ್ಚಳ ಬಿತ್ತು, ಸೇತುವೆಯ ಮೇಲೆ ಮಣ್ಣು ಬಿತ್ತು. ಕಲ್ಲನ್ನು ಒಡೆದು ಸಾಗಿಸುವುದಕ್ಕಿಂತ ಹೂಳುವುದು ಅಗ್ಗ. ಯಾವ ಗುತ್ತಿಗೆದಾರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ನದಿ ಮಾತ್ರ ಸುಮ್ಮನಿರಲಿಲ್ಲ. ಸುರಂಗ ಸಾಲದೆ 20ನೆಯ ಶತಮಾನದಲ್ಲೂ ಜೋರು ಮಳೆಗೆ ನೆಗ್ಲಿನ್ನಾಯಾ ಬೀದಿ ಹೊಳೆಯಾಗುತ್ತಿತ್ತು. ಹೂತ ಸೇತುವೆಯ ಕಲ್ಲುಗಳು 1986ರ ಅಗೆತದಲ್ಲಿ ಮತ್ತೆ ಬೆಳಕು ಕಂಡವು.

ನೋಡಲು ಅದು ಸಿಗದಿದ್ದರೂ ಮೂರನೆಯ ದಿನ ಅದರ ನೆಂಟ ಸಿಕ್ಕಿತು. ಇದೇ ನದಿಯ ಮೇಲಿದ್ದ ವೊಸ್ಕ್ರೆಸೆನ್ಸ್ಕಿ ಸೇತುವೆಯ ಅವಶೇಷದ ಸುತ್ತಲೇ 1997ರಲ್ಲಿ ಪುರಾತತ್ತ್ವ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಅದು ಬೀದಿಯ ಮಟ್ಟದಿಂದ ಸುಮಾರು 7 ಮೀಟರ್ ಕೆಳಗಿದೆ. ಇಳಿದು ಕಲ್ಲುಗಳ ಎದುರು ನಿಂತಾಗ ಹಿಂದಿನ ದಿನ ನಾನು ಅಳೆದ ತಗ್ಗು ನಿಜವಾದ ತಗ್ಗಿನ ನೆರಳಷ್ಟೇ ಎಂದು ಹೊಳೆಯಿತು. ನಾನು ಅಳೆದದ್ದು ಮಣ್ಣು ತುಂಬಿದ ಮೇಲಿನ ಲೆಕ್ಕ.

ಸಂಜೆ ಮತ್ತೆ ಅದೇ ಅಡ್ಡರಸ್ತೆಗೆ ಹೋಗಿ ನೆಲ ನೋಡುತ್ತಾ ನಿಂತಿದ್ದೆ. ವಯಸ್ಸಾದ ಹೆಂಗಸೊಬ್ಬರು ಏನು ಹುಡುಕುತ್ತಿದ್ದೀರಿ ಎಂದರು. ನನ್ನ ಹರಕು ರಷ್ಯನ್‌ನಲ್ಲಿ “ಕುಜ್ನೆತ್ಸ್ಕಿ ಮೋಸ್ತ್” ಎಂದೆ. ಅವರು ಮರುಕದಿಂದ ತಲೆಯಾಡಿಸಿ, ಅದೇ ಹೆಸರಿನ ಮೆಟ್ರೊ ನಿಲ್ದಾಣದ ಕಡೆಗೆ ಕೈ ತೋರಿಸಿದರು.