ತಾರಸಿ ತೋಟಕ್ಕೆ ಮಂಜಿನ ಹನಿ: ದುರ್ಗದ ಬಿಸಿಲಲ್ಲಿ ನನ್ನ ಅನುಭವ

ಚಿತ್ರದುರ್ಗದಲ್ಲಿ ತಾರಸಿ ಮೇಲೆ ಗಿಡ ಬೆಳೆಸುವವರಿಗೆ ಏಪ್ರಿಲ್ ಮಧ್ಯಾಹ್ನದ ಬಗ್ಗೆ ಬೇರೆ ಹೇಳಬೇಕಿಲ್ಲ. ಮೇಲೆ ಬಿಸಿಲು, ಕೆಳಗೆ ಕಾದ ಆರ್‌ಸಿಸಿ, ಸುತ್ತ ಬಂಡೆ ಗುಡ್ಡ. ಬೆಳಿಗ್ಗೆ ಕುಂಡದ ತುಂಬಾ ನೀರು ಹಾಕಿದ್ದರೂ ಹನ್ನೆರಡರ ಹೊತ್ತಿಗೆ ಎಲೆಗಳು ಜೋತು ಬೀಳುತ್ತವೆ. ಮಣ್ಣಿಗೆ ಬೆರಳಿಟ್ಟರೆ ಇನ್ನೂ ಹಸಿ ಇರುತ್ತದೆ. ಒಣ ಗಾಳಿ ಎಲೆಯಿಂದ ನೀರು ಎಳೆಯುವ ವೇಗಕ್ಕೆ ಬೇರು ಒದಗಿಸಲಾರದು, ಅಷ್ಟೇ. ಆಗ ಇನ್ನಷ್ಟು ನೀರು ಸುರಿದರೆ ಬೇರು ಕೊಳೆಯುತ್ತದೆ. ಅದಕ್ಕೇ ನಾನು ಗಿಡದ ಸುತ್ತಲಿನ ಗಾಳಿಯನ್ನೇ ತಂಪು ಮಾಡೋಣ ಅಂತ ಫಾಗರ್, ಅಂದರೆ ನೀರನ್ನು ಮಂಜಿನಂತೆ ಸಣ್ಣ ಹನಿಯಾಗಿ ಚಿಮ್ಮಿಸುವ ಮೂತಿ, ಹಾಕಿದೆ.

ಇದು ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ. ನೀರು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಬೇಕು. ಅಷ್ಟೇ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಏಳು ಪಟ್ಟಿಗೂ ಜಾಸ್ತಿ! ಆದರೆ ಗಾಳಿ ಒಣಗಿದ್ದರೆ ಮಾತ್ರ ಆಟ ನಡೆಯುತ್ತದೆ. ಅದನ್ನು ತಿಳಿಯಲು ಎರಡು ಥರ್ಮಾಮೀಟರ್ ನೆರಳಲ್ಲಿ ನೇತುಹಾಕಿದ್ದೇನೆ. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿದೆ. ಗಾಳಿ ಆಡುವಾಗ ಒಣಗಿದ್ದು 37 ತೋರಿಸಿ ಒದ್ದೆಯದು 22 ತೋರಿಸಿದರೆ ಮಂಜಿಗೆ ಒಳ್ಳೇ ಕೆಲಸವಿದೆ. ಎಷ್ಟೇ ಮಂಜು ಬಿಟ್ಟರೂ ಆ 22ಕ್ಕಿಂತ ಕೆಳಗೆ ಗಾಳಿ ತಣಿಯುವುದಿಲ್ಲ. ತೆರೆದ ತಾರಸಿಯಲ್ಲಿ ಗಾಳಿ ಓಡಾಡುತ್ತಲೇ ಇರುವುದರಿಂದ ನನಗೆ ಸಿಗುವುದು 3-4 ಡಿಗ್ರಿ. ಎಲೆಗಳು ಮತ್ತೆ ನೆಟ್ಟಗಾಗಲು ಅಷ್ಟು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆರಳು ಬಲೆ ಇಲ್ಲದೆ ಬರೀ ಮಂಜು ಬಿಡುವುದು ಸುಮ್ನೆ ನೀರು ದಂಡ. 50 ಪರ್ಸೆಂಟಿನ ಶೇಡ್ ನೆಟ್ ಮೊದಲು. ಆಮೇಲೆ ಕುಂಡದ ಮಣ್ಣಿನ ಮೇಲೆ ದಪ್ಪಗೆ ಹೊದಿಕೆ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಧಾರಾಳವಾಗಿ ಸಿಗುತ್ತದೆ, ಇದಕ್ಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮಂಜು ಮೂರನೆಯದು.

ಜೋಡಣೆ ಕಷ್ಟವಲ್ಲ. ಡ್ರಿಪ್ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಮೂತಿಯ ಫಾಗರ್, 16 ಎಂಎಂ ಪೈಪು, ಫಿಲ್ಟರ್ ಎಲ್ಲ ಸಿಗುತ್ತವೆ. ಫಾಗರ್ ಕೊಳ್ಳುವಾಗ ಪಂಪು ನಿಂತ ಮೇಲೆ ಹನಿ ತೊಟ್ಟಿಕ್ಕದಂತೆ ತಡೆಯುವ ಪುಟ್ಟ ವಾಲ್ವ್ ಕೇಳಿ ತೆಗೆದುಕೊಳ್ಳಿ. ಓವರ್‌ಹೆಡ್ ಟ್ಯಾಂಕಿನ ಒತ್ತಡಕ್ಕೆ ಫಾಗರ್ ಮಂಜು ಉಗುಳುವುದಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಪ್ರೆಷರ್ ಅಷ್ಟೇ, ಇದಕ್ಕೆ ನಾಲ್ಕು ಕೆಜಿ ಬೇಕು. ಕಾರು ತೊಳೆಯುವ 12 ವೋಲ್ಟಿನ ಡಯಾಫ್ರಮ್ ಪಂಪು ನನಗೆ ಸಾಕಾಗಿದೆ. ಟೈಮರ್ ಹಾಕಿ, ಹನ್ನೊಂದರಿಂದ ನಾಲ್ಕರವರೆಗೆ ಹದಿನೈದು ನಿಮಿಷಕ್ಕೊಮ್ಮೆ ಒಂದು ನಿಮಿಷ ಬಿಡುತ್ತೇನೆ. ಫಾಗರ್‌ಗೆ ಗಂಟೆಗೆ 28 ಲೀಟರ್ ಲೆಕ್ಕ ಹಿಡಿದರೂ ಎಂಟು ಫಾಗರ್‌ಗೆ ದಿನಕ್ಕೆ ಸುಮಾರು 75 ಲೀಟರ್ ಆಗುತ್ತದೆ.

ನಡುವಿನ ಆ ಹದಿನಾಲ್ಕು ನಿಮಿಷವೇ ಮುಖ್ಯ. ಅಷ್ಟರಲ್ಲಿ ಎಲೆ ಒಣಗಬೇಕು. ಸಂಜೆ ಬಿಟ್ಟರೆ ಎಲೆ ರಾತ್ರಿಯೆಲ್ಲ ಒದ್ದೆ ಇದ್ದು ಗುಲಾಬಿಗೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಪಕ್ಕದ ಮನೆ ಅಜ್ಜಿ ಮಾತ್ರ ಇವತ್ತಿಗೂ ಕೇಳುತ್ತಾರೆ: "ಅಲ್ಲ ಕಣಮ್ಮ, ಉರಿಬಿಸಿಲಲ್ಲಿ ಎಲೆ ಮೇಲೆ ನೀರು ಬಿದ್ರೆ ಸುಟ್ಟು ಹೋಗಲ್ವಾ?" ಹನಿ ಭೂತಗನ್ನಡಿಯಂತೆ ಎಲೆ ಸುಡುತ್ತದೆ ಎಂಬ ನಂಬಿಕೆ ತುಂಬಾ ಹಳೆಯದು. 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಪರೀಕ್ಷಿಸಿ ನೋಡಿ, ನುಣುಪು ಎಲೆ ಹಾಗೆ ಸುಡುವುದಿಲ್ಲ, ರೋಮದ ತುದಿಯಲ್ಲಿ ಹನಿ ನಿಲ್ಲುವಂಥ ಎಲೆಗೆ ಮಾತ್ರ ಆ ಸಾಧ್ಯತೆ ಇದೆ ಎಂದರು.

ನಮ್ಮ ಕಡೆ ನಿಜವಾದ ತೊಂದರೆ ಬೋರ್ ನೀರಿನದು. ಗಡಸು ನೀರು ಎಲೆ ಮೇಲೆ ಒಣಗಿ ಸುಣ್ಣ ಬಳಿದಂತೆ ಬಿಳಿ ಪದರ ಬಿಡುತ್ತದೆ. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಫಾಗರ್ ಮೂತಿಯೂ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮಳೆ ನೀರನ್ನೇ ಡ್ರಮ್ಮಿನಲ್ಲಿ ಮುಚ್ಚಿಟ್ಟು ಬಳಸುತ್ತೇನೆ, ಸಾಲದ ದಿನ ನಲ್ಲಿ ನೀರು. ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡದಂಥ ಹಳೇ ಮಳೆನೀರಿನ ಹೊಂಡಗಳಿರುವ ಊರಲ್ಲಿ ಮಳೆ ನೀರು ಹಿಡಿದಿಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ? ಆರ್‌ಓ ಯಂತ್ರ ಹೊರಹಾಕುವ ನೀರಂತೂ ಬೇಡವೇ ಬೇಡ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ.

ವೀಳ್ಯದೆಲೆ ಬಳ್ಳಿ, ಫರ್ನ್, ಆಂಥೂರಿಯಂ, ಹೊಸದಾಗಿ ನೆಟ್ಟ ಸಸಿಗಳಿಗೆ ಇದು ಜೀವದಾನ. ವೀಳ್ಯದೆಲೆಯ ಅಂಚು ಕಂದಾಗಿ ಮುರುಟುವುದು ನಿಂತೇ ಹೋಯಿತು. ಒಣ ಬಿಸಿಲಲ್ಲಿ ಏಳುವ ನುಸಿಯೂ ಕಡಿಮೆಯಾಗಿದೆ. ಲೋಳೆಸರ, ಕಾಗದದ ಹೂವಿಗೆ ಇದರ ಅಗತ್ಯವಿಲ್ಲ. ಅವನ್ನು ದೂರದ ಮೂಲೆಗೆ ಸರಿಸಿದ್ದೇನೆ.

ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಜೋರಾದರೆ ಮಂಜೆಲ್ಲ ಪಕ್ಕದವರ ಬಟ್ಟೆ ಮೇಲೆ ಹೋಗುತ್ತದೆ. ಅಂಥ ದಿನ ಪಂಪು ಬಂದ್. ಮುಂಗಾರು ಹಿಡಿದು ಎರಡೂ ಥರ್ಮಾಮೀಟರುಗಳ ಅಂತರ ಐದಾರು ಡಿಗ್ರಿಗೆ ಇಳಿದರೆ ಫಾಗರ್ ಬಿಚ್ಚಿ, ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ತೊಳೆದು ಡಬ್ಬಿಗೆ ಹಾಕಿಡುತ್ತೇನೆ.