ಹೃದಯಾಘಾತದ ನಂತರ ದಾಂಪತ್ಯ: ವೈದ್ಯರ ಮುಂದೆ ಮಾತು ತೆಗೆಯುವುದು ಹೇಗೆ?

ವಿಜಯಪುರದ ದವಾಖಾನೆಯಿಂದ ಮನೆಗೆ ಹೊರಟ ಹೃದ್ರೋಗಿ ಉಪ್ಪೆಷ್ಟು, ಎಣ್ಣೆಯೆಷ್ಟು, ಹೊಲಕ್ಕೆ ಯಾವಾಗ ಹೋಗಬಹುದು ಎಂಬುದನ್ನೆಲ್ಲ ಕೇಳಿಕೊಂಡಿರುತ್ತಾರೆ. ಗಂಡ-ಹೆಂಡತಿ ಮೊದಲಿನಂತೆ ಕೂಡಬಹುದೇ ಎಂಬುದನ್ನು ಅವರೂ ಕೇಳಿರುವುದಿಲ್ಲ, ವೈದ್ಯರೂ ಹೇಳಿರುವುದಿಲ್ಲ. ಮನೆಯಲ್ಲಿ ಅವರ ಹಾಸಿಗೆ ಪಡಸಾಲೆಗೆ ಬರುತ್ತದೆ, ಹೆಂಡತಿಯದು ಒಳಗೇ ಉಳಿಯುತ್ತದೆ; ಯಾರೂ ತೀರ್ಮಾನಿಸದ ಈ ಏರ್ಪಾಡು ತಿಂಗಳುಗಟ್ಟಲೆ ನಡೆಯುತ್ತದೆ.

ಈ ಮಾತನ್ನು ಮೊದಲ ಮರುತಪಾಸಣೆಯಲ್ಲೇ ತೆಗೆಯಬೇಕು, ಮತ್ತು ದಂಪತಿ ಇಬ್ಬರೂ ಒಟ್ಟಿಗೆ ಹೋಗಬೇಕು, ಏಕೆಂದರೆ ಹೆಚ್ಚಿನ ಸಲ ರೋಗಿಗಿಂತ ಸಂಗಾತಿಗೇ ಭಯ ಜಾಸ್ತಿ. ಜೊತೆಗೆ ಬಂದ ಮಗನನ್ನು ಔಷಧ ತರಲು ಕಳುಹಿಸಿ, "ಡಾಕ್ಟರ್ ಸಾಹೇಬ್ರ, ನಾವು ಮೊದಲಿನಂಗ ಸಂಸಾರ ಮಾಡಬಹುದೇನ್ರಿ?" ಎಂದಷ್ಟೇ ಕೇಳಿದರೂ ಸಾಕು, ವೈದ್ಯರಿಗೆ ಅರ್ಥವಾಗುತ್ತದೆ.

ಆಗ ವೈದ್ಯರು ನೋಡುವುದು ನಿಮ್ಮ ಹೃದಯ ಎಷ್ಟು ಶ್ರಮ ತಡೆಯುತ್ತದೆ ಎಂಬುದನ್ನು. ಸಂಭೋಗದ ಶ್ರಮ ಚುರುಕಾಗಿ ನಡೆದು ಎರಡು ಮಹಡಿಯ ಮೆಟ್ಟಿಲು ಹತ್ತಿದಷ್ಟು. ಗೋಳಗುಮ್ಮಟದ ಏಳೂ ಅಂತಸ್ತು ಹತ್ತಿ ತೋರಿಸಬೇಕಾಗಿಲ್ಲ; ಎರಡು ಮಹಡಿ ಹತ್ತುವಾಗ ಎದೆನೋವು, ವಿಪರೀತ ಏದುಸಿರು ಬಾರದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಂಶಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸುತ್ತಾರೆ. ತೊಡಕಿಲ್ಲದ ಹೃದಯಾಘಾತವಾಗಿದ್ದು, ಓಡಾಟದಲ್ಲಿ ತೊಂದರೆ ಕಾಣದಿದ್ದರೆ ಒಂದೆರಡು ವಾರಗಳ ನಂತರವೇ ಅನುಮತಿ ಸಿಗಬಹುದು. ಎದೆ ತೆರೆದು ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆ ಆದವರು ಎದೆಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಕಾಯಬೇಕು. ಆಮೇಲೂ ಕೆಲಕಾಲ ಎದೆಯ ಮೇಲೆ ಭಾರ ಬೀಳದ ಭಂಗಿಯೇ ಒಳ್ಳೆಯದು. ಕೂತಲ್ಲೇ ಎದೆನೋವು ಬರುವವರು, ಹೃದಯ ವೈಫಲ್ಯ ಹತೋಟಿಗೆ ಬಾರದವರು, ಹೃದಯದ ಕವಾಟ ತೀವ್ರವಾಗಿ ಕಿರಿದಾದವರು ಚಿಕಿತ್ಸೆಯಾಗುವವರೆಗೆ ತಡೆಯಲೇಬೇಕು.

ಇನ್ನು ಗುಳಿಗೆಗಳ ವಿಷಯ. ಇಲ್ಲಿ ಸಂಕೋಚಪಟ್ಟರೆ ಜೀವಕ್ಕೇ ಅಪಾಯ. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಹಾಗೂ ಆ ಜಾತಿಯ ನೈಟ್ರೇಟ್ ಔಷಧಗಳು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಕೂಡ ಹಿಗ್ಗಿಸುತ್ತವೆ. ಎರಡೂ ಕೂಡಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣ ಹೋಗಬಹುದು. ಆದ್ದರಿಂದ ನಿತ್ಯ ನೈಟ್ರೇಟ್ ಸೇವಿಸುವವರು ಇವುಗಳನ್ನು ಮುಟ್ಟಲೇಬಾರದು. ಸಿಲ್ಡೆನಾಫಿಲ್ ನುಂಗಿದವರಿಗೆ 24 ಗಂಟೆ, ಟಡಾಲಾಫಿಲ್ ನುಂಗಿದವರಿಗೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಹಾಗಾಗಿ ಎದೆನೋವೆಂದು ದವಾಖಾನೆಗೆ ಹೋದಾಗ, ಹೆಂಡತಿ ಮಕ್ಕಳೆದುರಿಗಾದರೂ ಸರಿ, ನುಂಗಿದ್ದನ್ನು ಹೇಳಿಬಿಡಬೇಕು. ಹೆಸರಿಲ್ಲದ 'ಶಕ್ತಿ' ಪುಡಿಗಳಲ್ಲಿ ಏನು ಬೆರೆಸಿದ್ದಾರೋ ಬಲ್ಲವರಾರು? ಅವನ್ನು ದೂರವಿಡಿ. ಬಿ.ಪಿ. ಗುಳಿಗೆಯಿಂದ ಬಲ ಕುಂದಿತೆಂಬ ಅನುಮಾನ ಬಂದರೆ ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಿ; ಬೇರೆ ಔಷಧ ಕೊಡಲು ಬರುತ್ತದೆ. ನಿಮಿರು ದೌರ್ಬಲ್ಯವು ಎಷ್ಟೋ ಸಲ ಹೃದ್ರೋಗಕ್ಕಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳುವ ಸೂಚನೆಯೂ ಹೌದು.

ಮನೆಯಲ್ಲಿ ಆತುರ ಬೇಡ. ಮೊದಲು ಹಾಸಿಗೆ ಪಡಸಾಲೆಯಿಂದ ಒಳಗೆ ಬರಲಿ. ಸ್ಪರ್ಶ, ಆಲಿಂಗನಗಳಿಂದ ಶುರುವಾಗಲಿ. ಹೋಳಿಗೆ-ತುಪ್ಪದ ಊಟ ಮಾಡಿದ ಕೂಡಲೇ ಅಥವಾ ಮದ್ಯ ಸೇವಿಸಿ ಬೇಡ. ಎದೆ ಬಿಗಿದರೆ, ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ ಕುಳಿತುಕೊಳ್ಳಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆದರೆ ಒಟ್ಟು ಹೃದಯಾಘಾತಗಳಲ್ಲಿ ಸಂಭೋಗಕ್ಕೆ ಸಂಬಂಧಿಸಿದವು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬುದೂ ನೆನಪಿರಲಿ.

ಇಲ್ಲಿಯವರೆಗೆ ಓದಿದವರು ರೋಗಿಯೆಂದರೆ ಗಂಡಸೇ ಎಂದುಕೊಂಡಿರಬಹುದು. ತಪಾಸಣಾ ಕೋಣೆಯಲ್ಲೂ ಆಗುವುದು ಇದೇ. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಹೆಣ್ಣುಮಕ್ಕಳನ್ನು ಯಾರೂ ಈ ಬಗ್ಗೆ ಕೇಳುವುದಿಲ್ಲ. ಗರ್ಭಧಾರಣೆ ಅವರ ಹೃದಯಕ್ಕೆ ಹೆಚ್ಚಿನ ಹೊರೆ; ಕೃತಕ ಕವಾಟವಿದ್ದವರು ರಕ್ತ ಹೆಪ್ಪುಗಟ್ಟದಿರಲೆಂದು ಸೇವಿಸುವ ವಾರ್ಫರಿನ್ ಗುಳಿಗೆ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಹಾಗೆಂದು ತಾವೇ ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಯೂ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಯಾವ ಗರ್ಭನಿರೋಧಕ ಸರಿ, ಮಗು ಯಾವಾಗ ಎಂಬುದನ್ನು ಹೃದ್ರೋಗ ತಜ್ಞರು ಮತ್ತು ಹೆರಿಗೆ ತಜ್ಞರು ಇಬ್ಬರ ಬಳಿಯೂ ಗಂಡನೊಂದಿಗೆ ಹೋಗಿ, ತಿಂಗಳು ನಿಲ್ಲುವ ಮೊದಲೇ ಕೇಳಿಕೊಳ್ಳಬೇಕು.